ಚಿಗವ್ವನ ಆರೈಕೆ

ಚಿಗವ್ವನ ಉಗುರುಗಳು ಯಾವಾಗಲೂ ಬೆರಳಿನ ಮಟ್ಟಕ್ಕೆ ಕತ್ತರಿಸಿರುತ್ತಿದ್ದವು. ತೊಳೆದು ತೊಳೆದು ಬೆರಳ ತುದಿಗಳು ಬಿಳಿಚಿಕೊಂಡು ಸುಕ್ಕುಗಟ್ಟಿದ್ದವು. ಆ ಕೈಗಳನ್ನು ನೋಡಿಯೇ ಆಳಂದದ ನಮ್ಮ ಓಣಿಯವರು ಹಾಸಿಗೆ ಹಿಡಿದವರನ್ನು ಆಕೆಗೆ ಒಪ್ಪಿಸುತ್ತಿದ್ದರು.

ರಕ್ತಸಂಬಂಧವೇನಲ್ಲ, ಪಕ್ಕದ ಮನೆಯವಳು. ತವರು ಅಫಜಲಪುರದ ಕಡೆ. ಗಂಡ ತೀರಿದ್ದ, ಮಕ್ಕಳಿರಲಿಲ್ಲ. ಯಾರ ಮನೆಯಲ್ಲಿ ಮುದುಕರು ಬಿದ್ದರೂ ಕರೆಯುವ ಮುಂಚೆಯೇ ಹಾಜರು. ತಲೆಯ ಹತ್ತಿರ ಕೂತು, ಗಂಜಿಯನ್ನು ಊದಿ ಆರಿಸಿ, "ಇದೊಂದು ತುತ್ತು ಉಣ್ರಿ" ಎಂದು ರಮಿಸಿ ಉಣಿಸುತ್ತಿದ್ದಳು. ಮಾತಾಡಿಸಲು ಬಂದ ನೆಂಟರಿಗೆ, ತಾನು ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ ಎಂದು ಹೇಳುವುದನ್ನು ಮಾತ್ರ ಮರೆಯುತ್ತಿರಲಿಲ್ಲ. ಅವರು ಲೊಚಗುಟ್ಟಿದರೆ ಮುಖ ಅರಳುತ್ತಿತ್ತು. ಹೊಗಳಿಕೆ ಯಾರಿಗೆ ಬೇಡ ಹೇಳಿ, ನಾವು ನಕ್ಕು ಸುಮ್ಮನಾಗುತ್ತಿದ್ದೆವು.

ಅವ್ವನಿಗೆ ಲಕ್ವಾ ಹೊಡೆದಾಗಲೂ ಆಕೆಯೇ ಬಂದಳು. ಅವ್ವನ ಸಂಕಟ ನೋಡಲಾಗದೆ ಅಪ್ಪ ಒಂದು ದಿನ, ಚಿಗವ್ವ ಅಲ್ಲೇ ಕೂತಿದ್ದಾಗ, ದೇವರ ಜಗಲಿಗೆ ಕೈಮುಗಿದು, "ಶಿವಾ, ಲಗೂ ಕರಕೋ ಆಕೀನ" ಅಂದುಬಿಟ್ಟ. ನಮ್ಮ ಕಡೆ ಇದು ಎಲ್ಲರ ಮನೆಯ ಮಾತು. ಹೊಟ್ಟೆ ಸುಟ್ಟು ಆಡುತ್ತಾರೆ, ಅದನ್ನು ಯಾರೂ ನಿಜವೆಂದು ಹಿಡಿಯುವುದಿಲ್ಲ.

ಆಮೇಲೆ ಅವ್ವ ಚೇತರಿಸಿಕೊಂಡಳು. ಒಂದು ಮುಂಜಾನೆ ತಾನೇ ಎದ್ದು ಕೂತು, ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ತನ್ನ ಕೈಯಿಂದಲೇ ತಿಂದಳು. ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಚಿಗವ್ವ ಮಾತ್ರ ಮೂಲೆಯಲ್ಲಿ ಕೂತಿದ್ದಳು. "ಹಂಗಾದ್ರ ಇನ್ನ ನನ್ನ ಕೆಲಸ ಏನದ ಇಲ್ಲಿ?" ಅಂದಳು. ಚೇಷ್ಟೆ ಅಂದುಕೊಂಡೆವು.

ಅದೇ ವಾರ ಅವ್ವ ಹೋದಳು. ನಮಗಿಂತ ಜೋರಾಗಿ ಅತ್ತವಳು ಚಿಗವ್ವ. ಬಂದ ಹೆಂಗಸರು ನನ್ನನ್ನು ಬಿಟ್ಟು ಮೊದಲು ಆಕೆಯನ್ನೇ ತಬ್ಬಿದರು. ಅವ್ವನ ಅಂಗೈಯಲ್ಲಿ ಲಿಂಗವಿಟ್ಟು ನಮ್ಮ ಹೊಲದಲ್ಲೇ ಕೂಡಿಸಿ ಮಣ್ಣು ಮಾಡಿದೆವು.

ಎರಡು ವರ್ಷದ ಮೇಲೆ ಯಡ್ರಾಮಿಯಲ್ಲಿ ಆಕೆ ಆರೈಕೆ ಮಾಡುತ್ತಿದ್ದ ಮುದುಕನೊಬ್ಬ ವಾಂತಿ ಮಾಡಿಕೊಂಡು ಬಿದ್ದ. ಮಗ ದವಾಖಾನೆಗೆ ಒಯ್ದದ್ದಕ್ಕೆ ಬದುಕಿದ. ಹೊಟ್ಟೆಯಲ್ಲಿ ವಿಷವಿತ್ತು. ಪೊಲೀಸರ ಮುಂದೆ ಚಿಗವ್ವ ಇನ್ನೂ ಮೂರು ಮನೆಗಳ ಸಾವನ್ನು ಒಪ್ಪಿಕೊಂಡಳು. ಅವ್ವನ ಹೆಸರು ಹೇಳಲಿಲ್ಲ.

ಟಿವಿಯವರು ಬಂಗಾರದ ಆಸೆಗೆ ಅಂದರು, ಮಾಟ ಅಂದರು, ಹುಚ್ಚು ಅಂದರು. ಮಣ್ಣು! ಯಾರ ಮನೆಯಲ್ಲೂ ಒಂದು ಗುಂಜಿ ಬಂಗಾರ ಕಳೆದಿರಲಿಲ್ಲ. ತನಿಖೆಗೆ ಬಂದ ಮಹಿಳಾ ಅಧಿಕಾರಿ ಮಾತ್ರ ನನ್ನನ್ನು ಬೇರೆ ಪ್ರಶ್ನೆ ಕೇಳಿದರು. ರೋಗಿಗೆ ಆರಾಮಾದ ದಿನ ಈಕೆ ಹೇಗಿರುತ್ತಿದ್ದಳು? ಮೂಲೆಯಲ್ಲಿ ಕೂತು ಆಕೆ ಆಡಿದ್ದ ಮಾತನ್ನು ಅವರಿಗೆ ಹೇಳಿದೆ.

ಅವ್ವನ ಸಮಾಧಿ ತೆಗೆಸಲು ಅಪ್ಪ ಒಪ್ಪಲಿಲ್ಲ. ಐಕ್ಯವಾದವರನ್ನು ಎಬ್ಬಿಸುವುದು ನಮ್ಮಲ್ಲಿಲ್ಲ, ಚಿಗವ್ವ ಅಂಥದ್ದೇನೂ ಮಾಡಿಲ್ಲ ಎಂದು ಹಟ ಹಿಡಿದ. ನನಗೆ ತಿಳಿಯಲೇಬೇಕಿತ್ತು. ಜೈಲಿಗೆ ಹೋದೆ.

ಜಾಲರಿಯ ಆಚೆಯಿಂದ ಮೊದಲು ಊಟ ಆಯಿತೇ ಎಂದು ವಿಚಾರಿಸಿದಳು. ನಾನು ಅವ್ವನ ಬಗ್ಗೆ ಕೇಳಿದೆ.

"ನಿಮ್ಮಪ್ಪ ಶಿವಗ ಬೇಡಿದ್ದನ್ನ ನಾ ಮಾಡೇನವ್ವ."

"ಅವ್ವ ಎದ್ದು ಕೂತಿದ್ಲಲ್ಲ, ಚಿಗವ್ವಾ."

"ಹೌದು. ಆವತ್ತು ಚಮಚಾ ಹಿಡಿದಿದ್ನಿ. ನನ್ನ ಕೈ ದೂಡಿದ್ಲು."

ಅಷ್ಟೇ. ಕೈ ದೂಡಿದ ತಪ್ಪಿಗೆ ನನ್ನ ಅವ್ವ ಸತ್ತಳು. ಅದಕ್ಕೆ ಅಪ್ಪನ ನಿಟ್ಟುಸಿರನ್ನು ನೆಪ ಮಾಡಿಕೊಂಡಳಲ್ಲ, ಆ ಹಡಬಿಟ್ಟಿಯನ್ನು ನಾನು ಸಾಯುವ ತನಕ ಕ್ಷಮಿಸಲಾರೆ.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದ. ಏನಂದಳು ಎಂದು ಕೇಳಿದ. ನಿಜ ಹೇಳಿದರೆ ತಾನಾಡಿದ ಆ ಒಂದು ಮಾತೇ ಅವನನ್ನು ಮುಗಿಸುತ್ತಿತ್ತು. ಅವ್ವನಿಗೆ ಏನೂ ಮಾಡಿಲ್ಲವಂತೆ ಎಂದೆ.

"ನಾ ಹೇಳಿದ್ದಿಲ್ಲೇನು?" ಅಂದ. ಕಣ್ಣು ತುಂಬಿ ಬಂದಿದ್ದವು. "ಆಕಿ ಋಣ ನಮ್ಮ ಮ್ಯಾಲ ಭಾಳ ಅದ. ನಿಮ್ಮವ್ವನ ಕೌದಿ ಒಯ್ದು ಕೊಡು ಆಕಿಗೆ. ಜೇಲಿನಾಗ ಥಂಡಿ ಇರ್ತದ."

ಟ್ರಂಕು ತೆಗೆದು, ಕೌದಿಯನ್ನು ತಾನೇ ಮಡಚಿ ನನ್ನ ಕೈಗಿಟ್ಟ.