ಗ್ಯಾಸ್ ಮೀಟರಿಗೆ ಬೀಗ ಬಿದ್ದ ಚಳಿಗಾಲ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಡಲ್ಲಾಸಿಗೆ ಅಂಟಿಕೊಂಡಿದ್ದ ಒಂದು ಸಣ್ಣ ನಗರದ ವಸತಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆ. ಧಾರವಾಡದಿಂದ ನಗರ ಯೋಜನೆ ಓದಲು ಬಂದವಳಿಗೆ ಓದಿನ ಭಾಗವಾಗಿ ಸಿಕ್ಕ ಕೆಲಸವದು. ಅಮೆರಿಕದ ಕೇಂದ್ರ ಸರ್ಕಾರ ಪ್ರತಿವರ್ಷ ನಗರಗಳಿಗೆ ಸಮುದಾಯ ಅಭಿವೃದ್ಧಿಯ ಅನುದಾನ ಕೊಡುತ್ತಿತ್ತು. ನಮ್ಮ ನಗರ ಅದರಲ್ಲಿ ಒಂದು ಪಾಲನ್ನು ಬಡವರ ಮನೆ ರಿಪೇರಿಗೆ ಇಟ್ಟಿತ್ತು. ಸೋರುವ ಸೂರು, ಕೊಳೆತ ನೆಲಹಲಗೆ, ತುಕ್ಕು ಹಿಡಿದ ಗ್ಯಾಸ್ ಪೈಪು, ಇಂಥವು. ಇನ್ನೊಂದು ಪಾಲು ಪಾಳುಬಿದ್ದ ಮನೆಗಳನ್ನು ಕೆಡವುವುದಕ್ಕೆ ಹೋಗುತ್ತಿತ್ತು. ಎರಡೂ ಕೆಲಸಕ್ಕೆ ಬರುತ್ತಿದ್ದದ್ದು ಬಾಗಿಲ ಮೇಲೆ ನಗರದ ಮುದ್ರೆಯಿದ್ದ ಒಂದೇ ಬಗೆಯ ಬಿಳಿ ಕಾರು. ಹಾಗಾಗಿ ನಾವು ಒಂದು ಓಣಿಗೆ ತಿರುಗಿದರೆ ಸಾಕು, ವರಾಂಡದಲ್ಲಿ ಕೂತವರು ಎದ್ದು ಒಳಗೆ ಹೋಗುತ್ತಿದ್ದರು.

ಅವರಿಗೆ ನಮ್ಮ ಭಯ, ನನಗೆ ಅವರ ಭಯ. ಆ ವರ್ಷದ ದೀಪಾವಳಿಗೆ ಲಾಸ್ ಕೊಲಿನಾಸ್ ಎಂಬ ಶ್ರೀಮಂತ ಬಡಾವಣೆಯಲ್ಲಿ ಕೆಲಸಕ್ಕಿದ್ದ ಬೆಂಗಳೂರಿನ ಅಂಕಲ್ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆ. ನಾನು ಸುತ್ತುವ ಬೀದಿಗಳ ಹೆಸರು ಕೇಳಿ ಅವರು ತಟ್ಟೆಯಿಂದ ಕೈ ತೆಗೆದರು.

"ಅಲ್ಲಿಗೆಲ್ಲಾ ಯಾಕಮ್ಮ ಹೋಗ್ತೀಯ? ಸಿಗ್ನಲ್ ಬಿದ್ರೂ ಕಾರು ನಿಲ್ಲಿಸ್ಬೇಡ ಅಂತಾರೆ ಅಲ್ಲಿ."

"ಒಬ್ಬಾಕಿನೇ ಹೋಗಂಗಿಲ್ರಿ ಅಂಕಲ್, ಮನಿ ತಪಾಸಣಾ ಮಾಡೋ ಇನ್‌ಸ್ಪೆಕ್ಟರ್ ಇರ್ತಾರ," ಅಂದೆ. ಆದರೆ ಆ ಮಾತು ಮರೆಯಲಿಲ್ಲ. ಆಮೇಲೆ ಪ್ರತಿ ಮನೆಯ ಬಾಗಿಲು ತಟ್ಟುವಾಗಲೂ ನಾನು ಇನ್‌ಸ್ಪೆಕ್ಟರ್ ಬೆನ್ನ ಹಿಂದೆಯೇ ನಿಲ್ಲುತ್ತಿದ್ದೆ.

ಆ ಮುದುಕಿಯ ಮನೆಗೆ ಹೋದದ್ದು ಡಿಸೆಂಬರಿನಲ್ಲಿ. ಗಿಡ್ಡ ಕಂಬಗಳ ಮೇಲೆ ನಿಂತ ಮರದ ಮನೆ. ನೆಲ ಒಂದು ಕಡೆ ವಾಲಿತ್ತು. ಆಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ದುಡಿದು ನಿವೃತ್ತಳಾದ ಕಪ್ಪು ಹೆಂಗಸು, ಒಬ್ಬಳೇ ಇದ್ದಳು. ಹತ್ತಿರದ ಬಂಧುವೆಂದರೆ ಹೂಸ್ಟನ್ನಿನಲ್ಲಿದ್ದ ತಂಗಿಯ ಮಗಳು. ರಿಪೇರಿಗೆ ಅರ್ಜಿ ಹಾಕಿದ್ದು ಅವಳೇ. ಮುದುಕಿಗೆ ಅದು ಬೇಕಿರಲಿಲ್ಲ. ಸರಪಳಿ ಹಾಕಿದ ಬಾಗಿಲ ಸಂದಿಯಿಂದಲೇ ಕೇಳಿದಳು.

"ನೀವು ಯಾವ ಕಡೆಯವರು? ರಿಪೇರಿಯವರೋ, ಕೆಡವುವವರೋ?"

"ರಿಪೇರಿಯವರು, ಮೇಡಂ," ಅಂದರು ಇನ್‌ಸ್ಪೆಕ್ಟರ್.

"ಅವರೂ ಮೊದಲು ಹಾಗೇ ಅಂದಿದ್ದರು."

ಆಕೆ ಹುಡುಗಿಯಾಗಿದ್ದಾಗ, ಬೇರೆ ಒಂದು ಊರಿನಲ್ಲಿ, ರಸ್ತೆ ಅಗಲ ಮಾಡಲು ಆಕೆಯ ತಾಯಿಯ ಮನೆಯನ್ನು ತೆಗೆದುಕೊಂಡಿದ್ದರಂತೆ. ರಿಪೇರಿ ಮಾಡುತ್ತೇವೆ, ಸ್ವಲ್ಪ ದಿನ ಆಚೆ ಇರಿ ಎಂದು ಹೇಳಿ ಕಳಿಸಿದ್ದರು. ವಾಪಸು ಬಂದಾಗ ಮೆಟ್ಟಿಲು ಮಾತ್ರ ಉಳಿದಿದ್ದವು. ಇದನ್ನು ಆಕೆ ಕೊನೆಗೂ ನಮ್ಮನ್ನು ಒಳಗೆ ಬಿಟ್ಟು, ಕಾಫಿ ಕೊಡುತ್ತಾ ಸಾವಧಾನವಾಗಿ ಹೇಳಿದಳು.

ಇನ್‌ಸ್ಪೆಕ್ಟರ್ ಗ್ಯಾಸ್ ಪೈಪಿನ ಕೀಲುಗಳಿಗೆ ಸೋಪಿನ ನೀರು ಚಿಮುಕಿಸಿದರು. ಅಡುಗೆಮನೆಯ ಗೋಡೆಯ ಬುಡದಲ್ಲಿ ನೀರು ಗುಳ್ಳೆ ಗುಳ್ಳೆಯಾಗಿ ಉಬ್ಬತೊಡಗಿತು. ನಾನು ಅದನ್ನು ನೋಡುತ್ತಾ ನಿಂತಿದ್ದ ಜಾಗದಿಂದ ಒಂದು ಮಾರು ದೂರದಲ್ಲಿ ಗ್ಯಾಸ್ ಹೀಟರಿನ ನೀಲಿ ಉರಿ ಹತ್ತಿತ್ತು. ಅವರು ತಕ್ಷಣ ಅದನ್ನು ಆರಿಸಿ ನಮ್ಮಿಬ್ಬರನ್ನೂ ಅಂಗಳಕ್ಕೆ ಕರೆತಂದರು. ಸಂಜೆಯೊಳಗೆ ಗ್ಯಾಸ್ ಕಂಪನಿಯವನು ಬಂದು ಮೀಟರಿಗೆ ಬೀಗ ಹಾಕಿದ. ಬೇರೆ ದಾರಿ ಇರಲಿಲ್ಲ. ರಿಪೇರಿಯ ಸರದಿ ಬರಲು ಕೆಲವು ವಾರ ಬೇಕಿತ್ತು. ಅಲ್ಲಿಯವರೆಗೆ ಮೋಟೆಲಿನಲ್ಲಿರಿ, ಅದರ ಖರ್ಚೂ ಅನುದಾನದ್ದೇ ಎಂದು ಇನ್‌ಸ್ಪೆಕ್ಟರ್ ಎಷ್ಟು ಹೇಳಿದರೂ ಆಕೆ ಒಪ್ಪಲಿಲ್ಲ. ಕೊನೆಗೆ ಆಫೀಸಿನಿಂದ ಒಂದು ಕರೆಂಟ್ ಹೀಟರ್ ತಂದುಕೊಟ್ಟರು.

"ನಾನು ಹೊಸಿಲು ದಾಟಿದ ದಿನ ಇದು ನನ್ನ ಮನೆಯಲ್ಲ, ಬೇಬಿ," ಅಂದಳು ನನಗೆ. ಆಕೆ ಎಲ್ಲರನ್ನೂ ಬೇಬಿ ಅಂತಲೇ ಕರೆಯುತ್ತಿದ್ದಳು.

ಜನವರಿಯಲ್ಲಿ ಐಸ್ ಬಿತ್ತು. ಅಲ್ಲಿ ಅದು ಹತ್ತಿಯಂತೆ ಉದುರುವುದಿಲ್ಲ. ಮಳೆಯಾಗಿ ಬಿದ್ದು, ನೆಲ ಮುಟ್ಟಿದೊಡನೆ ಗಾಜಾಗುತ್ತದೆ. ಬೆಳಗ್ಗೆ ಎದ್ದಾಗ ರೇಡಿಯೋದಲ್ಲಿ ಕರೆಂಟು ಹೋದ ಬಡಾವಣೆಗಳ ಹೆಸರು ಓದುತ್ತಿದ್ದರು. ಆಕೆಯ ಬಡಾವಣೆಯೂ ಅದರಲ್ಲಿತ್ತು. ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಹಲ್ಲುಜ್ಜಿ ಬಂದು ಮತ್ತೆ ಮಾಡಿದೆ. ಇನ್‌ಸ್ಪೆಕ್ಟರ್ ಮನೆ ನಗರದ ಆಚೆ ತುದಿಯಲ್ಲಿತ್ತು. ನಡುವಿನ ಸೇತುವೆಗಳು ಮುಚ್ಚಿದ್ದವು. ತುರ್ತು ಸೇವೆಯವರು ಬರುತ್ತೇವೆ, ತಡವಾಗುತ್ತದೆ ಎಂದರು.

ನನ್ನ ರೂಮ್‌ಮೇಟ್ ಮೈಸೂರಿನ ಕ್ರಿಶ್ಚಿಯನ್ ಹುಡುಗಿ. ಆಕೆಯ ಬಳಿ ಹಳೆಯ ಕಾರಿತ್ತು.

"ಫೋನ್ ಎತ್ತವಲ್ರು. ನಂಗ್ಯಾಕೋ ಎದಿ ಹೊಡ್ಕೊಳ್ಳಿಕ್ಕತ್ತೇತಿ," ಅಂದೆ.

"ಮಲಗಿರ್ತಾರೆ ಕಣೇ. ಈ ಐಸಲ್ಲಿ ಕಾರ್ ತೆಗೆದ್ರೆ ನಾವೇ ಆಸ್ಪತ್ರೆ ಸೇರ್ತೀವಿ."

"ಆಕಿ ನಸುಕಿನ್ಯಾಗ ಏಳೂ ಮನಿಷ್ಯಾಳು."

ಅವಳು ನನ್ನ ಮುಖ ನೋಡಿದಳು. ಒಳಗೆ ಹೋಗಿ ಎರಡು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು, ಕೀ ತೆಗೆದುಕೊಂಡಳು.

ಹೊರಟೆವು. ಒಂದು ಇಳಿಜಾರಿನಲ್ಲಿ ಕಾರು ತಾನೇ ತಿರುಗಿ, ಬಂದ ದಾರಿಗೆ ಮುಖ ಮಾಡಿ ನಿಂತಿತು. ಅವಳು ಏನೋ ಪ್ರಾರ್ಥನೆ ಗುನುಗುತ್ತಾ ಮತ್ತೆ ಸ್ಟಾರ್ಟ್ ಮಾಡಿದಳು. ನನ್ನ ತಲೆಯಲ್ಲಿ ಒಂದೇ ಚಿತ್ರ: ಚಳಿಯಲ್ಲಿ ಮರಗಟ್ಟಿದ ಮುದುಕಿ. ಓಣಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲು ಬಡಿದೆ, ಕೂಗಿದೆ. ಹಿಂದುಗಡೆಗೆ ಹೋಗಿ ಅಡುಗೆಮನೆಯ ಬಾಗಿಲ ಬಳಿ ನಿಂತಾಗ ಒಂದು ವಾಸನೆ ಬಂತು. ಗ್ಯಾಸಿನದಲ್ಲ. ಬಾಣಂತಿ ಕೋಣೆಯ ವಾಸನೆ.

ನಮ್ಮ ಧಾರವಾಡದ ಮನೆಯಲ್ಲಿ ಅಕ್ಕನ ಬಾಣಂತನಕ್ಕೆ ಇದ್ದಿಲಿನ ಅಗ್ಗಿಷ್ಟಿಗೆ ಇಟ್ಟಾಗ ಅವ್ವ ಪ್ರತಿ ಸಲ ಕಿಟಕಿಯನ್ನು ತಾನೇ ಹೋಗಿ ತೆರೆದು ಬರುತ್ತಿದ್ದಳು. ಮುಚ್ಚಿದ ಕೋಣೆಯಲ್ಲಿ ಕೆಂಡವಿಟ್ಟುಕೊಂಡು ಮಲಗಿದ ತಾಯಿ ಮಗು ಬೆಳಗ್ಗೆ ಏಳಲಿಲ್ಲ ಎಂಬ ಯಾರದೋ ಮನೆಯ ಕಥೆಯನ್ನು ಪಿಸುಮಾತಿನಲ್ಲಿ ಹೇಳುತ್ತಿದ್ದಳು. ಅದು ನೆನಪಾದದ್ದೇ ರೂಮ್‌ಮೇಟನ್ನು ಕೂಗಿ ಕರೆದೆ.

"ಒಳಗ ಇದ್ದಿಲು ಹಾಕ್ಯಾಳ," ಅಂದೆ. ರೂಮ್‌ಮೇಟ್ ಅಂಗಳದ ಇಟ್ಟಿಗೆ ತೆಗೆದು ಕಿಟಕಿಯ ಗಾಜಿಗೆ ಹೊಡೆದಳು. ನಾನು ಕೈ ತೂರಿಸಿ ಬಾಗಿಲಿನ ಚಿಲಕ ತೆಗೆದೆ.

ಅಂಗಳದಲ್ಲಿಟ್ಟು ಮಾಂಸ ಸುಡುವ ಕಬ್ಬಿಣದ ಒಲೆ ಅಡುಗೆಮನೆಯ ನಡುವೆ ನಿಂತಿತ್ತು. ಕೆಂಡ ಇನ್ನೂ ಕೆಂಪಗಿತ್ತು. ಗಾಳಿ ಬಾರದಂತೆ ಬಾಗಿಲ ಸಂದಿಗಳಿಗೆ ಟವೆಲು ತುರುಕಿದ್ದಳು. ಆಕೆ ಕೋಟು ಹಾಕಿಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಗದ್ದ ಎದೆಗೆ ತಾಗಿತ್ತು. ಕರೆದರೆ ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚಿದಳು. ನಾವಿಬ್ಬರೂ ಕುರ್ಚಿಯ ಸಮೇತ ಎಳೆದೆವು. ಹೊಸಿಲಿನ ಬಳಿ ಬಂದಾಗ ಆ ಮಂಪರಿನಲ್ಲೇ ಆಕೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಅಷ್ಟು ಶಕ್ತಿ ಎಲ್ಲಿಂದ ಬಂತೋ.

ಅಂಗಳದ ಐಸಿನ ಮೇಲೆ ಕುರ್ಚಿ ಇಟ್ಟುಕೊಂಡು ಆಂಬ್ಯುಲೆನ್ಸಿಗೆ ಕಾದೆವು. ನನ್ನ ತಲೆ ಸಿಡಿಯುತ್ತಿತ್ತು. ರೂಮ್‌ಮೇಟ್ ಆಕೆಯ ಕೆನ್ನೆ ತಟ್ಟುತ್ತಾ "ಆಂಟಿ, ಆಂಟಿ, ಕಣ್ಬಿಡಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ನಮ್ಮಿಬ್ಬರಿಗೂ ಇಂಗ್ಲಿಷ್ ಮರೆತೇಹೋಗಿತ್ತು.

ಆಕೆ ಬದುಕಿದಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಕೇಳಿದ್ದು ಮನೆ ಇದೆಯೇ ಎಂದು. ತಂಗಿಯ ಮಗಳು ಹೂಸ್ಟನ್ನಿನಿಂದ ಬಂದು ಅಲ್ಲಿಗೆ ಕರೆದೊಯ್ಯಲು ನೋಡಿದಳು. ಜಗಳವಾಯಿತು. ಕೊನೆಗೆ ಆಕೆ ಮೋಟೆಲಿಗೆ ಒಪ್ಪಿದಳು, ರಾತ್ರಿ ಮಾತ್ರ. ಫೆಬ್ರವರಿಯಲ್ಲಿ ಕೆಲಸ ಶುರುವಾದಾಗ ಹಗಲೆಲ್ಲ ಎದುರಿನ ಖಾಲಿ ಸೈಟಿನ ಪೆಕಾನ್ ಮರದಡಿ ಕುರ್ಚಿ ಹಾಕಿಕೊಂಡು ಕಾವಲು ಕೂತಳು.

ಒಂದು ದಿನ ಮಧ್ಯಾಹ್ನ ನಾನು ಆಕೆಯ ಜೊತೆಗಿದ್ದೆ. ಓಣಿಯ ತಿರುವಿನಲ್ಲಿ ಬಿಳಿ ಕಾರು ಕಾಣಿಸಿತು. ಅದರ ಹಿಂದೆ ಲಾರಿಯ ಮೇಲೆ ಹಳದಿ ಜೆಸಿಬಿ. ಆಕೆ ಎದ್ದಳು. ಊರುಗೋಲು ಅಲ್ಲೇ ಬಿಟ್ಟು, ರಸ್ತೆ ದಾಟಿ, ತನ್ನ ಮನೆಯ ಮೆಟ್ಟಿಲ ಮೇಲೆ ಹೋಗಿ ನಿಂತಳು. ನಾನು ಹಿಂದೆಯೇ ಓಡಿದೆ. ಈ ಮನೆಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಆ ಯಂತ್ರ ಗಡಗಡ ಎನ್ನುತ್ತಾ ಹತ್ತಿರವಾದಂತೆ ನಾನೂ ಆಕೆಯ ಪಕ್ಕಕ್ಕೆ ಮೆಟ್ಟಿಲು ಹತ್ತಿ ನಿಂತೆ. ಯಾರಾದರೂ ತಪ್ಪು ವಿಳಾಸ ಬರೆದಿದ್ದರೆ? ಆಕೆ ನನ್ನ ಕೈ ಹಿಡಿದಳು, ನೋಯುವಷ್ಟು ಬಿಗಿಯಾಗಿ.

ಲಾರಿ ನಮ್ಮನ್ನು ದಾಟಿ ಆಚೆಗಿದ್ದ ಪಾಳುಮನೆಯ ಮುಂದೆ ನಿಂತಿತು. ಜೆಸಿಬಿಯ ಮೊದಲ ಪೆಟ್ಟಿಗೇ ವರಾಂಡ ಮುರಿದು ಬಿತ್ತು.

"ಅಲ್ಲಿದ್ದವಳು ನನ್ನ ಕೂದಲು ಹೆಣೆಯುತ್ತಿದ್ದಳು," ಅಂದಳು ಆಕೆ. "ಭಾನುವಾರದ ಚರ್ಚಿಗೆ. ಅವಳು ಸತ್ತ ಮೇಲೆ ಮಕ್ಕಳು ಯಾರೂ ಬರಲಿಲ್ಲ."

ಸೂರು ಬೀಳುವವರೆಗೂ ಅಲ್ಲೇ ನಿಂತು ನೋಡಿದಳು. ಏಪ್ರಿಲಿನಲ್ಲಿ ಕೆಲಸ ಮುಗಿದು ಮನೆಗೆ ಮರಳಿದಳು. ಹೊಸ ಪೈಪು, ಹೊಸ ಸೂರು, ನೇರವಾದ ನೆಲ. ನಾನು ನೋಡಲು ಹೋದಾಗ ಬಾಗಿಲಿಗೆ ಆ ಸರಪಳಿ ಹಾಕಿಯೇ ಇತ್ತು. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೆಯೇ ಎಂದು ಇಣುಕಿ ನೋಡಿ, ಆಮೇಲೆ ತೆಗೆದಳು.