ಜೋಡಿ ಪಂಪಿನ ಜಲಜಕ್ಕ

ಹೆಮ್ಮಾಡಿಯಲ್ಲಿ ಹೆದ್ದಾರಿಗೆ ಬೆನ್ನು ಹಾಕಿ ನಿಂತ ಒಂದು ತಗಡಿನ ಶೆಡ್ಡು. ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಅದರ ಹಿಂದೆ ಒಲೆ ಹೊತ್ತಿಕೊಳ್ಳುತ್ತದೆ. ಒಲೆಯ ಮೇಲೆ ತಾಮ್ರದ ಹಂಡೆ. ಆ ಹೊತ್ತಿಗೆ ದಾರಿಯಲ್ಲಿ ಹೋಗುವ ಹಾಲಿನವರು, ಒಂಟಿ ಹೆಂಗಸು ಇಷ್ಟು ಬೇಗ ಎದ್ದು ಯಾರ ಸ್ನಾನಕ್ಕೆ ನೀರು ಕಾಯಿಸುತ್ತಾರೆ ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದಾರೆ. ನೀರು ಕಾಯುವುದು ಒಂದು ಪಂಪಿಗೆ ಎಂದರೆ ಅವರು ನಂಬುವವರಲ್ಲ, ಹಾಗಾಗಿ ಜಲಜಕ್ಕ ಹೇಳಲು ಹೋಗಿಲ್ಲ.

ಐವತ್ತೊಂದು ವರ್ಷದ ಜಲಜ ಹಂಡೆಗೆ ದಾರ ಕಟ್ಟಿದ ಥರ್ಮಾಮೀಟರ್ ಇಳಿಬಿಡುತ್ತಾರೆ. ನಲವತ್ತೈದು ಡಿಗ್ರಿಗೆ ಬಂದ ನೀರನ್ನು ಡ್ರಮ್ಮಿಗೆ ಸುರಿದು ಪಂಪಿಗೆ ಬ್ಯಾಟರಿ ಜೋಡಿಸುತ್ತಾರೆ. ಪೈಪಿನಲ್ಲಿ ಗುಳುಗುಳು ಸದ್ದು. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಟುಹೋಗಿ ಆ ಸದ್ದು ಅಡಗುವವರೆಗೆ ಅಳತೆ ಶುರುವಾಗುವಂತಿಲ್ಲ. ಆರೂವರೆ ದಾಟಿದರೆ ಲಾರಿಗಳ ಗದ್ದಲದಲ್ಲಿ ಅದು ಕೇಳಿಸುವುದಿಲ್ಲ ಎಂದೇ ಈ ನಸುಕಿನ ಕೆಲಸ.

ಸದ್ದು ಅಡಗುತ್ತದೆ. ಜಲಜಕ್ಕನ ಬಲಗಾಲಿನ ಹೆಬ್ಬೆರಳಿಗೆ ಒಂದು ಹುರಿ ಕಟ್ಟಿದೆ, ಅದರ ಇನ್ನೊಂದು ತುದಿ ನೀರು ಬೀಳುವ ಪೈಪಿಗೆ. ಕಾಲು ಎಳೆದರೆ ಪೈಪು ಮೊದಲಿನ ಡ್ರಮ್ಮಿನಿಂದ ಸರಿದು, ಇಪ್ಪತ್ತು ಲೀಟರಿಗೆ ಗೆರೆ ಹಾಕಿದ ಡ್ರಮ್ಮಿಗೆ ಬರುತ್ತದೆ. ಕೈಯಲ್ಲಿ ಸ್ಟಾಪ್‌ವಾಚು. "ಹ್ವಾಯ್, ಬಿಟ್ಟೆ!" ಎಂದು ಖಾಲಿ ಶೆಡ್ಡಿನಲ್ಲಿ ಕೂಗಿ, ಕಾಲು ಎಳೆದು, ಬೆರಳು ಒತ್ತುತ್ತಾರೆ.

ಹಾಗೆ ಕೂಗುತ್ತಿದ್ದವರು ಗಂಡ ಭೋಜರಾಜ. ಪೈಪು ಸರಿಸುವುದು ಅವರು, ಗಡಿಯಾರ ಹಿಡಿಯುವುದು ಇವರು. ಇದು ಇಬ್ಬರ ಕೆಲಸ. ನಾಲ್ಕು ವರ್ಷದ ಹಿಂದೆ ಒಂದು ಭಾನುವಾರ ಎದೆನೋವೆಂದು ಕೂತ ಭೋಜರಾಜ ಮತ್ತೆ ಏಳಲಿಲ್ಲ.

"ಈಗ ನಾನೇ ಕೂಗುದ್. ಕೂಗದಿದ್ರೆ ಬೆರಳ್ ಒತ್ತುದೇ ಇಲ್ಲೆ, ಎಂತ ಮಾಡುದ್?" ಎಂದು ಜಲಜಕ್ಕ ನಗುತ್ತಾರೆ. ಮಕ್ಕಳಿಲ್ಲದ ಮನೆ. ರಾತ್ರಿ ಹೇಗೋ ನಿದ್ದೆ ಬರುತ್ತದಂತೆ. ಬೆಳಿಗ್ಗೆ ಐದಕ್ಕೆ ಎರಡು ಕೈ ಸಾಲದೇ ಹೋದಾಗಲೇ ಒಬ್ಬಳೇ ಎನ್ನುವುದು ಗೊತ್ತಾಗುವುದು.

ಇಷ್ಟೆಲ್ಲ ಪರದಾಟ ಯಾವುದಕ್ಕೆ ಎಂದರೆ, ಸೂಪರ್‌ಚಾರ್ಜರ್ ಇರುವ ದುಬಾರಿ ಕಾರುಗಳಿಗೆ. ಸೂಪರ್‌ಚಾರ್ಜರ್ ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುರುಕುತ್ತದೆ. ಹಿಂಡಿದ ಗಾಳಿ ಬಿಸಿಯಾಗುತ್ತದೆ, ಬಿಸಿ ಗಾಳಿ ಕುಡಿದ ಎಂಜಿನ್ನು ಬಲ ಕಳೆದುಕೊಳ್ಳುತ್ತದೆ. ಆ ಗಾಳಿಯನ್ನು ತಣಿಸುವ ಪೆಟ್ಟಿಗೆಗೆ ಇಂಟರ್‌ಕೂಲರ್ ಎನ್ನುತ್ತಾರೆ. ಅದರೊಳಗೆ ತಣ್ಣೀರು ಸುತ್ತುತ್ತಿರಬೇಕು, ಸುತ್ತಿಸಲು ಮುಷ್ಟಿ ಗಾತ್ರದ ಒಂದು ಕರೆಂಟಿನ ಪಂಪು. ಘಾಟಿ ಹತ್ತುವಾಗ ಆ ನೀರೇ ನಲವತ್ತೈದು ಡಿಗ್ರಿಗೆ ಏರುತ್ತದೆ, ಅದಕ್ಕೇ ಇಲ್ಲಿಯೂ ಅಷ್ಟು ಕಾಯಿಸಿ ಅಳೆಯುವುದು. ಕೋಟಿ ರೂಪಾಯಿಯ ಕಾರು ಘಾಟಿಯ ನಡುವೆ ಸೋತು ನಿಂತರೆ ಎಷ್ಟೋ ಸಲ ತಪ್ಪು ಆ ಮುಷ್ಟಿಯದ್ದು. ಮುಂಬೈ, ಬೆಂಗಳೂರಿನಲ್ಲಿ ಹೋಟೆಲು ನಡೆಸುವ ಊರಿನವರು ಇಂಥ ಕಾರು ತಂದು ಕೊಲ್ಲೂರು ಘಾಟಿ ಹತ್ತಿಸುತ್ತಾರೆ, ಸೋತದ್ದನ್ನು ಬ್ರಹ್ಮಾವರದ ಸುಶಾಂತ್‌ನ ವರ್ಕ್‌ಶಾಪಿಗೆ ಬಿಡುತ್ತಾರೆ. ಸುಶಾಂತ್ ಪಂಪು ಬಿಚ್ಚಿ ಜಲಜಕ್ಕನಿಗೆ ಕಳಿಸುತ್ತಾನೆ. ಹಳೆಯದು ಎಷ್ಟು ನೀರು ಓಡಿಸುತ್ತದೆ, ಹೊಸದು ಎಷ್ಟು ಓಡಿಸುತ್ತದೆ ಎಂದು ಅಳೆದು, ಬಲವಾದದ್ದನ್ನು ಸಿದ್ಧಮಾಡಿ ಕೊಡುವುದು ಇವರ ಕಸುಬು.

ಭೋಜರಾಜ ಗಂಗೊಳ್ಳಿ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡಿಕೊಂಡಿದ್ದವರು. ಮೊದಲ ಕಾರು ಬಂದಾಗ ಬೋಟಿನ ಬುದ್ಧಿಯನ್ನೇ ಓಡಿಸಿದರು. ಬೋಟಿನಲ್ಲಿ ಎಂಜಿನ್ ತಣಿಸಿದ ನೀರು ಪಕ್ಕದಿಂದ ದೂರಕ್ಕೆ ಚಿಮ್ಮುತ್ತಿದ್ದರೆ ಪಂಪು ಸರಿ ಇದೆ ಎಂದು ಲೆಕ್ಕ. ಅದೇ ರೀತಿ ಅಂಗಳದಲ್ಲಿ ಎರಡು ಪಂಪು ಇಟ್ಟು ನೀರು ಹಾರಿಸಿದರು. ಒಂದರ ನೀರು ಬಾವಿಕಟ್ಟೆಗೇ ಬಿತ್ತು, ಇನ್ನೊಂದರದ್ದು ತೆಂಗಿನಮರದ ಬುಡ ಮುಟ್ಟಿತು. ಮರ ಮುಟ್ಟಿದ್ದನ್ನೇ ಕಾರಿಗೆ ಹಾಕಿದರು. ಕಾರು ಘಾಟಿಯ ಮೂರನೇ ತಿರುವಿನಲ್ಲಿ ಸೋತು, ಲಾರಿಯ ಮೇಲೆ ವಾಪಸು ಬಂತು.

"ಅವ್ರ್ ಎರಡ್ ದಿನ ಸರಿ ಉಂಡಿಲ್ಲೆ. ಪೈಪಿನ್ ಬಾಯಿ ತೆರ್ದಿಟ್ರೆ ಯಾವ್ ಪಂಪಾದ್ರೂ ಹಾರಿಸ್ತ್. ಕಾರಿನೊಳ್ಗೆ ಹಂಗಲ್ಲ, ಸಪೂರ ದಾರಿ, ಎಷ್ಟ್ ತಿರ್ಗಾಸು! ಅಲ್ಲಿ ಹೋಯ್ ನೀರ್ ನೂಕುಕ್ ಬಲ ಬೇಕ್," ಎನ್ನುತ್ತಾರೆ ಜಲಜಕ್ಕ.

ಮೂರನೇ ದಿನ ಭೋಜರಾಜ ಗುಜರಿಯಿಂದ ಅಪಘಾತವಾದ ಕಾರಿನ ಇಂಟರ್‌ಕೂಲರನ್ನೂ ಮುಂದಿನ ರೇಡಿಯೇಟರನ್ನೂ ತಂದು, ಕಾರಿನಲ್ಲಿದ್ದಷ್ಟೇ ಉದ್ದದ ಪೈಪು ಸುತ್ತಿಸಿ ಈ ಅಳತೆಯ ಮೇಜು ಕಟ್ಟಿದರು. ಮೂರು ವರ್ಷದ ಕೊನೆಗೆ ಅವರ ಕೈಗೆ ಹತ್ತಿದ್ದು ಜೋಡಿ ಪಂಪು. ಒಂದರ ಹಿಂದೆ ಒಂದು, ಒಂದೇ ಕಬ್ಬಿಣದ ಪಟ್ಟಿಯಲ್ಲಿ ಎರಡು ಪಂಪು, ಬ್ಯಾಟರಿಯಿಂದ ನೇರ ದಪ್ಪ ವಯರು. ಮೊದಲನೆಯದು ನೂಕಿದ್ದನ್ನು ಎರಡನೆಯದು ಮತ್ತೊಮ್ಮೆ ನೂಕುತ್ತದೆ. "ಒಂದ್ ನಿಂತ್ರೂ ಇನ್ನೊಂದ್ ಎಳಿತ್ತ್. ನೀರ್ ಕಮ್ಮಿ ಬತ್ತ್, ಆರೆ ಪೂರ್ತಿ ನಿಲ್ಲುದಿಲ್ಲೆ," ಎಂದು ಜಲಜಕ್ಕ ಅದರ ಪಟ್ಟಿಯನ್ನು ಸೆರಗಿನಿಂದ ಒರೆಸುತ್ತಾರೆ.

ದಿನಕ್ಕೆ ಹೆಚ್ಚೆಂದರೆ ಮೂರು ಪಂಪು. ಒಂದೊಂದಕ್ಕೆ ಮೂರು ಸಲ ಅಳತೆ, ಒಂದೊಂದಕ್ಕೂ ಹೊಸದಾಗಿ ಕಾಯಿಸಿದ ನೀರು. ಫೈಲಿನಲ್ಲಿ ಆರುನೂರ ನಲವತ್ತು ಹಾಳೆಗಳಿವೆ. ಸ್ಕೇಲು ಹಿಡಿದು ಗೆರೆ ಎಳೆದು ಮೊದಲ ಹಾಳೆ ಮಾಡಿದ್ದು ಭೋಜರಾಜ, ಮಿಕ್ಕವು ಕುಂದಾಪುರದಲ್ಲಿ ತೆಗೆಸಿದ ಜೆರಾಕ್ಸು. ಪ್ರತಿ ಹಾಳೆಯ ಕೊನೆಗೆ 'ಅಳೆದವರು' ಎಂದು ಬರೆದು ಚುಕ್ಕಿ ಸಾಲು ಬಿಟ್ಟಿದೆ. ಆರುನೂರ ನಲವತ್ತರಲ್ಲೂ ಅದು ಖಾಲಿ. "ಇಬ್ರ್ ಅಳ್ದದ್ ಅಲ್ದಾ, ಯಾರ್ ಹೆಸ್ರ್ ಬರೆಯುದ್ ಅಂತಿದ್ರ್. ಹಾಂಗೇ ಬಿಟ್ಟದ್, ಹಾಂಗೇ ಇತ್ತ್." ಅಂಕಿಗಳು ಮಾತ್ರ ವರ್ಕ್‌ಶಾಪಿನ ಹೆಸರಿದ್ದ ಹಾಳೆಗೆ ಏರಿ ಕಾರಿನವರ ಕೈ ಸೇರುತ್ತವೆ. ಅವರಲ್ಲಿ ಒಬ್ಬರೂ ಈ ಶೆಡ್ಡು ಕಂಡವರಲ್ಲ. ತಾವು ಕೈಯಾಡಿಸಿದ ಒಂದು ಕಾರು ಘಾಟಿ ಹತ್ತುವುದನ್ನು ಜಲಜಕ್ಕನೂ ಈವರೆಗೆ ನೋಡಿದ್ದಿಲ್ಲ.

ಕಳೆದ ಸೋಮವಾರ ಸುಶಾಂತ್ ತಾನೇ ಬಂದ. ಕೈಯಲ್ಲಿ ಒಂದು ಹೊಸ ಪೆಟ್ಟಿಗೆ.

"ಜಲಜಕ್ಕ, ಇದ್ ಒಂದೇ ಸಾಕಂಬ್ರ್. ಎರಡ್ ಬ್ಯಾಡ. ಪೆಟ್ಟಿಗಿ ಮೇಲೆ ಎಂತೆಂತದೋ ಬರ್ದಿದ್ರ್, ನಂಗ್ ನಂಬ್ಕಿ ಇಲ್ಲೆ. ನೀವ್ ಅಳ್ದ್ ಹೇಳಿ."

"ಇದೇ ಒಳ್ಳೇದಂತ್ ಬಂದ್ರೆ?"

ಸುಶಾಂತ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. "ಬಂದ್ರೆ ಇನ್ ಮುಂದೆ ಇದನ್ನೇ ಹಾಕುದ್. ಅದ್ರ್ ಅಳತಿ ಚೀಟಿ ಅದ್ರೊಟ್ಟಿಗೇ ಬತ್ತ್."

"ಹಾಂಗಾರೆ ನಂಗ್ ಕೆಲ್ಸ ಇಲ್ಲೆ."

ಕೆಲಸ ಮುಗಿದರೆ ಬಾಡಿಗೆಯ ಶೆಡ್ಡು ಬಿಡಬೇಕು, ಭೋಜರಾಜರ ಮೇಜು ಬಿಚ್ಚಬೇಕು, ಬೀಜಾಡಿಯಲ್ಲಿರುವ ತಂಗಿಯ ಮನೆಗೆ ಹೋಗಬೇಕು. ತಂಗಿ ಕರೆಯುತ್ತಲೇ ಇದ್ದಾಳೆ. "ಅಲ್ಲಿ ಉಂಬುಕ್ ತಿಂಬುಕ್ ಎಂತ ತೊಂದ್ರಿ ಇಲ್ಲೆ. ಆರೆ ಬೆಳಿಗ್ಗೆ ಎದ್ದ್ ಅಲ್ಲಿ ಎಂತ ಅಳೆಯುದ್?" ಎನ್ನುತ್ತಾರೆ ಜಲಜಕ್ಕ.

ಮಂಗಳವಾರ ನಸುಕಿಗೆ ಹಂಡೆ ಕಾಯುತ್ತದೆ. ಮೊದಲು ಇಂಥ ಕಾರಿನೊಳಗೇ ಬರುವ ಹಳೇ ಪಂಪು. ಇಪ್ಪತ್ತು ಲೀಟರಿನ ಗೆರೆ ಮುಟ್ಟಲು ನೂರು ಸೆಕೆಂಡು. ಆಮೇಲೆ ಜೋಡಿ ಪಂಪು, ಅರವತ್ತಮೂರು. ಕೊನೆಗೆ ಹೊಸದು. "ಹ್ವಾಯ್, ಬಿಟ್ಟೆ!" ನೀರು ಬೀಳುವ ಸದ್ದಿಗೇ ಜಲಜಕ್ಕನಿಗೆ ಗೊತ್ತಾಗುತ್ತದೆ. ಐವತ್ತೆರಡು.

ಕಾಲು ತಡವಾಗಿ ಎಳೆದಿರಬೇಕು ಎಂದು ಇನ್ನೊಮ್ಮೆ. ಐವತ್ತೆರಡೇ. ಗಂಡ ಮೂರು ವರ್ಷ ತಲೆ ಓಡಿಸಿ ಕಟ್ಟಿದ್ದನ್ನು ಯಾರೋ ಕಾಣದ ಊರಿನವರು ಒಂದೇ ಪೆಟ್ಟಿಗೆಯಲ್ಲಿ ಹಿಂದೆ ಹಾಕಿದ್ದಾರೆ. ಜಲಜಕ್ಕನಿಗೆ ಸಿಟ್ಟು ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ಬ್ಯಾಟರಿಯ ಕ್ಲಿಪ್ಪು ಕೈಗೆ ಹತ್ತಿರವೇ ಇದೆ. ಚೂರು ಸಡಿಲಿಸಿದರೆ ಕರೆಂಟು ಇಳಿಯುತ್ತದೆ, ನೀರು ನಿಧಾನವಾಗುತ್ತದೆ, ಐವತ್ತೆರಡು ಎಪ್ಪತ್ತಾಗುತ್ತದೆ. ಕೇಳುವವರಿಲ್ಲ. ಕೈ ಕ್ಲಿಪ್ಪಿನವರೆಗೆ ಹೋಗಿತ್ತು ಎಂಬುದನ್ನು ಅವರು ಮುಚ್ಚಿಡುವುದಿಲ್ಲ.

"ಇಬ್ರ್ ಇದ್ದಾಗ ಒಂದ್ ಸುಳ್ಳ್ ಬರಿಲಿಲ್ಲೆ. ಈಗ ಒಬ್ಳೇ ಅಂದ್ಕಂಡ್ ಬರೆಯುದಾ?"

ಕ್ಲಿಪ್ಪನ್ನು ಇನ್ನಷ್ಟು ಬಿಗಿ ಮಾಡಿ ಮೂರನೇ ಸಲ ಅಳೆಯುತ್ತಾರೆ. ಐವತ್ತೊಂದು.

ಆ ದಿನ ಹಾಳೆ ತುಂಬಿಸುವುದಿಲ್ಲ. ಮಧ್ಯಾಹ್ನದ ಗಂಜಿ ಆರಿ ಹೋಗುತ್ತದೆ. ಬುಧವಾರ ಮತ್ತೆ ಹಂಡೆ, ಮತ್ತೆ ನಲವತ್ತೈದು ಡಿಗ್ರಿ. ಈ ಸಲ ಜಲಜಕ್ಕ ಕೂಗುವುದಿಲ್ಲ. ಗುಳುಗುಳು ಅಡಗಿದ ಮೇಲೆ ಸುಮ್ಮನೆ ಕಾಲು ಎಳೆಯುತ್ತಾರೆ, ಬೆರಳು ತಾನಾಗಿ ಒತ್ತುತ್ತದೆ. ಐವತ್ತೆರಡು. ಅದಾದ ಮೇಲೆ ಯಾರೂ ಕೇಳದ ಒಂದು ಅಳತೆಯನ್ನೂ ಮಾಡುತ್ತಾರೆ. ಜೋಡಿಯಲ್ಲಿ ಒಂದರ ವಯರು ಬಿಚ್ಚಿ, ಇನ್ನೊಂದನ್ನೇ ಓಡಿಸುತ್ತಾರೆ. ತೊಂಬತ್ತೆಂಟು ಸೆಕೆಂಡು ಹಿಡಿಯುತ್ತದೆ, ಆದರೂ ಇಪ್ಪತ್ತು ಲೀಟರು ತುಂಬುತ್ತದೆ. ಅದನ್ನೂ ಬರೆದಿಡುತ್ತಾರೆ.

ಒಂಬತ್ತು ಗಂಟೆಗೆ ಸುಶಾಂತ್ ಬರುತ್ತಾನೆ. ಜಲಜಕ್ಕ ಹಾಳೆ ಕೊಟ್ಟು ಪೈಪು ಸುತ್ತಲು ಹೋಗುತ್ತಾರೆ. ಅವನು ಅಂಕಿಗಳ ಮೇಲೆ ಬೆರಳು ಓಡಿಸುತ್ತ ಕೆಳಗೆ ಬಂದು ನಿಲ್ಲುತ್ತಾನೆ. 'ಹೊಸ ಪಂಪು ಒಳ್ಳೆಯದು. ಅದನ್ನೇ ಹಾಕಬಹುದು' ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದೆ.

"ನಿಮ್ ಕೆಲ್ಸ ಹೋತ್ತಂತ್ ಗೊತ್ತಿದ್ದೂ ಇದನ್ನ್ ಹೀಂಗೇ ಬರ್ದ್ ಕೊಟ್ರಲೆ ಜಲಜಕ್ಕ," ಎನ್ನುತ್ತಾನೆ. "ನಾನ್ ಬ್ಯಾರೆ ಯಾರತ್ರಾದ್ರೂ ಕೇಂಡಿದ್ರೆ ಅವ್ರ್ ಹೀಂಗ್ ಹೇಳ್ತಿರ್ಲಿಲ್ಲೆ."

"ಅದ್ಕೇ ಅಲ್ದಾ ನನ್ನತ್ರ ತಂದದ್."

ಆಗ ಅವನ ಕಣ್ಣು ಚುಕ್ಕಿ ಸಾಲಿಗೆ ಬೀಳುತ್ತದೆ. ಆರುನೂರ ನಲವತ್ತು ಹಾಳೆಗಳಲ್ಲಿ ಖಾಲಿ ಇದ್ದ ಜಾಗ. ಅಲ್ಲಿ 'ಜಲಜ, ಹೆಮ್ಮಾಡಿ' ಎಂದಿದೆ.

"ಈ ಸಲ ಹೆಸ್ರ್ ಬರ್ದಿರಿ?"

ಜಲಜಕ್ಕ ಕಾಲಿನ ಹುರಿ ಬಿಚ್ಚಿ ಮಡಚುತ್ತಾರೆ. "ಇಷ್ಟ್ ವರ್ಷ ಅವ್ರ್ ಒಟ್ಟಿಗಿದ್ರ್ ಅಂದ್ಕಂಡೇ ಅಳ್ದೆ. ಇದನ್ನ್ ಮಾತ್ರ ನಾನ್ ಒಬ್ಳೇ ಅಳ್ದದ್."