ದೊಡ್ಡಮ್ಮನ ಅಂಗಾಲು ಮತ್ತು ನಾಗಬನದ ಅನುದಾನ

ದೊಡ್ಡಮ್ಮನ ಅಂಗಾಲು ಹಸುಗೂಸಿನದರಂತೆ ಕೆಂಪಗೆ, ಮೆತ್ತಗೆ ಇತ್ತು. ಆಯುಷ್ಯದ ಅರ್ಧವನ್ನು ಮುಂಬೈಯಲ್ಲಿ, ದೊಡ್ಡಪ್ಪನ ಹೋಟೆಲಿನ ಮೇಲಿನ ಖೋಲಿಯಲ್ಲಿ ಚಪ್ಪಲಿ ಹಾಕಿಕೊಂಡೇ ಕಳೆದವಳು. ಊರಿಗೆ ಮರಳಿದ ಮೇಲೂ ಅಡುಗೆಮನೆಗೊಂದು, ಬಚ್ಚಲಿಗೊಂದು, ಅಂಗಳಕ್ಕೊಂದು ಜೊತೆ. ಬರಿಗಾಲಲ್ಲಿ ಅಂಗಳಕ್ಕಿಳಿದರೆ "ಅರೇ ಬಾಪ್‌ರೇ, ಸುಟ್ಟ್ ಹೋಯ್ತ್!" ಎಂದು ಕುಣಿಯುತ್ತಿದ್ದಳು. ಆ ಕುಣಿತ ನೋಡಲೆಂದೇ ನಾವು ಚಿಕ್ಕವರಿದ್ದಾಗ ಅವಳ ಚಪ್ಪಲಿ ಅಡಗಿಸಿಡುತ್ತಿದ್ದೆವು.

ಅವಳು ಬರಿಗಾಲಲ್ಲಿ ಸುಖವಾಗಿ ನಡೆಯುತ್ತಿದ್ದ ಜಾಗ ಒಂದೇ, ನಮ್ಮ ನಾಗಬನ. ಬೈಂದೂರಿನಿಂದಲೂ ಉತ್ತರಕ್ಕೆ, ಹೊಳೆಯ ದಂಡೆಯಲ್ಲಿದೆ. ಹೊಳೆ ದಾಟಿದರೆ ಬೇರೆ ಜಿಲ್ಲೆ. ಅಲ್ಲಿ ಉದುರಿದ ಎಲೆಯನ್ನು ಯಾರೂ ಗುಡಿಸುವುದಿಲ್ಲ, ಒಣಕಡ್ಡಿಯನ್ನೂ ಮುರಿಯುವುದಿಲ್ಲ. ಸುರಗಿ ಮರಗಳ ಕೆಳಗೆ ಕೈಮುಗಿದು ನಿಂತರೆ ದೊಡ್ಡಮ್ಮ ಊಟದ ಹೊತ್ತಿಗೂ ಬರುತ್ತಿರಲಿಲ್ಲ. ಭಕ್ತಿಯೋ ತಂಪೋ ಎಂದು ಕೇಳಿದರೆ "ಎರಡೂ" ಎನ್ನುತ್ತಿದ್ದಳು.

ಜಿಲ್ಲೆಯ ಗಡಿ ಭಾಗದ ಪ್ರಕೃತಿ, ಸಂಸ್ಕೃತಿ ಉಳಿಸಲೆಂದು ಕೊಡುವ ಅನುದಾನ ಒಂದು ವರ್ಷ ನಮ್ಮ ಬನಕ್ಕೂ ಮಂಜೂರಾಯಿತು. ಊರಿಗೆ ಊರೇ ಹಿಗ್ಗಿತು. ಆ ಹಿಗ್ಗಿನಲ್ಲಿ ನಮ್ಮ ಸಮಿತಿ ಬನ ಉಳಿಸುವ ದಾರಿಯನ್ನೂ ಕಂಡುಹಿಡಿಯಿತು: ಸುರಗಿ ಮರ ಕಡಿದು ನೆಲಕ್ಕೆ ಇಂಟರ್‌ಲಾಕ್ ಸಿಮೆಂಟು ಇಟ್ಟಿಗೆ ಹಾಸುವುದು, ನಾಗನ ಕಲ್ಲುಗಳ ಮೇಲೊಂದು ತಗಡಿನ ಮಾಡು!

"ಹ್ವಾಯ್, ಬಿಸ್ಲಿಗೆ ನಾಗನ್ ಹೊಟ್ಟಿ ಸುಡುದಿಲ್ಯಾ?" ಎಂದು ದೊಡ್ಡಮ್ಮ ಸಭೆಯಲ್ಲಿ ಎದ್ದು ಕೇಳಿದಳು. ಎಲ್ಲರೂ ನಕ್ಕರು.

"ಸುಮ್ನಿರಿ ಅಕ್ಕ, ತಕರಾರ್ ಮಾಡ್ರೆ ಅನುದಾನ ವಾಪಸ್ ಹೋತ್ತ್" ಎಂದರು ಅಧ್ಯಕ್ಷರು.

ಮನೆಗೆ ಬಂದವಳು ಕಾಫಿಯನ್ನೂ ಮುಟ್ಟಲಿಲ್ಲ. "ಆ ಮರ ಹೋರೆ ನಾ ಎಲ್ಲಿಗ್ ಹೋಪ್ದ್?" ಎಂದು ಕಣ್ಣೊರೆಸಿಕೊಂಡಳು.

ಸ್ಥಳ ನೋಡಲು ಅಧಿಕಾರಿ ಬಂದದ್ದು ಬೇಸಿಗೆಯ ಮಟಮಟ ಮಧ್ಯಾಹ್ನ. ಅವರಿಗೆ ತೋರಿಸಲೆಂದು ಸಮಿತಿಯವರು ರಸ್ತೆಯಿಂದ ಬನದ ಬಾಯಿವರೆಗೆ ಕಿರಿದಾದ ಇಂಟರ್‌ಲಾಕ್ ದಾರಿಯನ್ನು ಮಾದರಿಗೆ ಹಾಸಿಟ್ಟಿದ್ದರು. "ಸಾಹೇಬ್ರ ಬೂಟ್ಸ್ ಇರ್ಲಿ" ಎಂದು ಅಧ್ಯಕ್ಷರು ಧಾರಾಳ ತೋರಿದರು.

ದೊಡ್ಡಮ್ಮ ದಾರಿಗೆ ಅಡ್ಡ ನಿಂತಳು. "ರಸ್ತಿ ಬದಿಯಂಗೇ ಚಪ್ಲಿ ಕಳಚೂದ್ ನಮ್ ಕ್ರಮ. ನಾಗನ್ ಮುಂದೆ ಸಾಹೇಬ್ರ್ ಬೇರೆ, ನಾವ್ ಬೇರೆಯಾ? ಕಾಣಿ, ನಾನೇ ಮೊದ್ಲ್ ಕಳಚ್ತೆ."

ಕಾದ ಆ ದಾರಿಯ ಮೇಲೆ ಬರಿಗಾಲಲ್ಲಿ ಮುಂದೆ ಹೊರಟಳು. ಅಂಗಳದಲ್ಲಿ ಕುಣಿಯುವವಳು ಅವತ್ತು ಹಲ್ಲು ಕಚ್ಚಿ, ಮದುವಣಗಿತ್ತಿಯ ಹಾಗೆ ಮೆಲ್ಲಗೆ ನಡೆದಳು. ಹಿರಿಯ ಹೆಂಗಸನ್ನು ದಾಟಿ ಓಡುವುದಾದರೂ ಹೇಗೆ? ಬೂಟ್ಸ್ ಕಳಚಿ ಹಿಂದೆ ಹೊರಟ ಅಧಿಕಾರಿ ಒಂದೊಂದೇ ಕಾಲು ಎತ್ತುತ್ತ ಬಂದರು. ಅಧ್ಯಕ್ಷರಂತೂ ತಡೆಯಲಾರದೆ ಪಕ್ಕದ ಮುಟ್ಟಿದರೆ-ಮುನಿ ಪೊದೆಗೆ ಹಾರಿ, ಮುಳ್ಳು ಚುಚ್ಚಿಸಿಕೊಂಡು ಮತ್ತೆ ಇಂಟರ್‌ಲಾಕಿಗೇ ಹಾರಿದರು.

ಬನದೊಳಗೆ ತರಗೆಲೆಯ ಮೇಲೆ ಕಾಲಿಟ್ಟೊಡನೆ ಅಧಿಕಾರಿ "ಅಬ್ಬಾ!" ಎಂದು ಕಣ್ಣು ಮುಚ್ಚಿದರು.

"ನಿಮ್ ಕಾಲಿಗ್ ಯಾವ್ದ್ ಹಿತ ಆಯ್ತ್ ಸಾಹೇಬ್ರೆ? ನಾಗಂಗೂ ಅದೇ ಸಾಕ್" ಎಂದಳು ದೊಡ್ಡಮ್ಮ.

ಅವರು ಜೋರಾಗಿ ನಕ್ಕರು. ಹಾಗಾದರೆ ಹಣ ಯಾವುದಕ್ಕೆ ಎಂದು ಕೇಳಿದರು. ಅವಳು ಹೊಳೆ ಕೊರೆದು ಬೇರು ಹೊರಬಿದ್ದಿದ್ದ ದಂಡೆಯನ್ನು ತೋರಿಸಿದಳು. ಅನುದಾನ ವಾಪಸು ಹೋಗಲಿಲ್ಲ. ಯೋಜನೆ ಬದಲಾಗಿ ದಂಡೆಗೆ ಮುರಕಲ್ಲಿನ ಗೋಡೆ ಎದ್ದಿತು. ಸುರಗಿ ಮರಗಳು ಉಳಿದವು.

ಅವತ್ತು ಸಂಜೆ ಅವಳ ಅಂಗಾಲಿನ ತುಂಬ ಬೊಕ್ಕೆ. ನಾನು ಬೆಣ್ಣೆ ಸವರುತ್ತಿದ್ದರೆ, ನೋವು ಮರೆತು "ಅಧ್ಯಕ್ಷರ್ ಹಾರಿದ್ದ್ ಕಂಡ್ಯಾ?" ಎಂದು ಕಿಸಿಕಿಸಿ ನಗುತ್ತಿದ್ದಳು.

ಹೋದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡಳು. ಮಾದರಿಗೆ ಹಾಸಿದ ಆ ದಾರಿ ಇನ್ನೂ ಇದೆ; ಬೇಸಿಗೆಯಲ್ಲಿ ನಾನೂ ಕುಣಿಯುತ್ತಲೇ ಅದನ್ನು ದಾಟುತ್ತೇನೆ. ಬನದ ಎಲೆಗಳ ಮೇಲೆ ಕಾಲಿಟ್ಟ ಕೂಡಲೇ ಬಾಯಿಗೆ ಬರುವುದು "ದೊಡ್ಡಮ್ಮಾ" ಎಂದೇ. ನಾಗದೇವರು ಕ್ಷಮಿಸಲಿ, ಅವನ ಸರದಿ ಆಮೇಲೆ.